ಸುಳ್ಳು ಆರೋಪಕ್ಕೆ ವಕೀಲರ ನೋಟಿಸು: ದಾವಣಗೆರೆಯ ಕಚೇರಿಯೊಂದರ ಸೇವೆಯ ವಿಮರ್ಶೆ

ನನ್ನ ಅಕ್ಕನ ಮೇಲೆ ದುರುದ್ದೇಶದಿಂದ ಹಬ್ಬಿಸಿದ ಸುಳ್ಳು ಆರೋಪವೊಂದನ್ನು ಎದುರಿಸಲು ದಾವಣಗೆರೆಯ ವಕೀಲೆಯೊಬ್ಬರ ಕಚೇರಿಗೆ ನಾವು ಹೋಗಬೇಕಾಯಿತು. ಅಲ್ಲಿ ದೊರೆತ ಸೇವೆ ಹೇಗಿತ್ತು, ಕೊಟ್ಟ ಹಣಕ್ಕೆ ತಕ್ಕುದಾಗಿತ್ತೇ, ಇಂಥದೇ ಸಂಕಟದಲ್ಲಿರುವವರು ಅಂಥ ಕಚೇರಿಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಚೇರಿಯ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮವು ವಕೀಲರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಜಾಹೀರಾತಿನ ಮೂಲಕ ಕೆಲಸ ಕೋರುವುದನ್ನು ನಿಷೇಧಿಸುತ್ತದೆ. ನನ್ನ ಮೆಚ್ಚುಗೆಯ ಮಾತು ಅವರಿಗೆ ತೊಡಕಾಗಬಾರದು. ಮೇಲಾಗಿ ಕೆಲವು ಕೊರತೆಗಳನ್ನೂ ನಾನು ಹೇಳಬೇಕಾಗಿದೆ. ಅವರಿಗೆ ಇಲ್ಲಿ ಉತ್ತರಿಸುವ ಅವಕಾಶವಿಲ್ಲ.

ವಿಷಯ ಇಷ್ಟು. ಅಕ್ಕ ನಮ್ಮೂರಿನ ಸ್ತ್ರೀಶಕ್ತಿ ಸಂಘವೊಂದರ ಪ್ರತಿನಿಧಿ. ಕರ್ನಾಟಕ ಸರ್ಕಾರ 2000-01ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಹದಿನೈದಿಪ್ಪತ್ತು ಹೆಂಗಸರು ಒಂದು ಸಂಘವಾಗಿ ಸೇರಿ ವಾರವಾರವೂ ಉಳಿತಾಯ ಕಟ್ಟುತ್ತಾರೆ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಾರೆ, ಬ್ಯಾಂಕಿನಿಂದಲೂ ಸಾಲ ಪಡೆಯುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದು ಒಬ್ಬರ ಮೇಲೊಬ್ಬರಿಗೆ ಇರುವ ನಂಬಿಕೆಯ ಮೇಲೆ. ಸಂಘವನ್ನು ಬಿಟ್ಟುಹೋಗಿದ್ದ ಸದಸ್ಯೆಯೊಬ್ಬರು ವಾಟ್ಸ್ಆ್ಯಪ್ ಗುಂಪಿಗೆ ಒಂದು ಧ್ವನಿ ಸಂದೇಶ ಹಾಕಿದರು. ಅಕ್ಕ ಸಂಘದ ದುಡ್ಡನ್ನು ನುಂಗಿ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸಿದ್ದಾಳೆ, ಬ್ಯಾಂಕಿನಿಂದ ಬಂದ ಸಾಲದಲ್ಲಿ ಅರ್ಧ ಅವಳ ಮನೆ ಸೇರಿದೆ ಎಂಬುದು ಅದರ ತಿರುಳು. ಆ ಸಂದೇಶ ಅಂಗನವಾಡಿಯ ಗುಂಪಿಗೆ ಹೋಯಿತು, ಓಣಿಯ ಗುಂಪಿಗೆ ಹೋಯಿತು, ನಮ್ಮ ನೆಂಟರ ಗುಂಪಿಗೂ ಬಂತು. ಕೆಲವು ಹೆಂಗಸರು ವಾರದ ಉಳಿತಾಯ ಕಟ್ಟುವುದನ್ನು ನಿಲ್ಲಿಸಿದರು. ಅಕ್ಕ ಹಾಲಿನ ಡೇರಿಗೆ ಹೋಗುವುದನ್ನು ಬಿಟ್ಟು ಮಗನನ್ನು ಕಳಿಸತೊಡಗಿದಳು. ವರ್ಷಗಟ್ಟಲೆ ಒಂದೊಂದು ರೂಪಾಯಿಗೂ ಲೆಕ್ಕ ಬರೆದಿಟ್ಟ ಹೆಂಗಸು ಊರಿನವರ ಮುಖ ತಪ್ಪಿಸಿ ಓಡಾಡುವಂತಾದುದನ್ನು ಕಂಡಾಗ ನನಗೆ ಉಂಟಾದ ಸಿಟ್ಟನ್ನು ಇಲ್ಲಿ ಮರೆಮಾಚುವ ಅಗತ್ಯವಿಲ್ಲ.

ಈ ಕಚೇರಿಗೆ ಬರುವ ಮೊದಲು ನಾವು ಬೇರೆ ಬಾಗಿಲುಗಳನ್ನೂ ತಟ್ಟಿದ್ದೆವು. ಹೋಲಿಕೆಗೆ ಬೇಕಾದುದರಿಂದ ಅವುಗಳ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ಪೊಲೀಸ್ ಠಾಣೆಯಲ್ಲಿ ದೂರನ್ನು ಓದಿ, ಇದು ಅಸಂಜ್ಞೇಯ ಅಪರಾಧವಾದ್ದರಿಂದ ನ್ಯಾಯಾಲಯಕ್ಕೆ ಹೋಗಬೇಕೆಂದು ಹಿಂಬರಹ ಕೊಟ್ಟರು. ಅದು ಕಾನೂನಿನಂತೆ ಸರಿಯಾದ ಕ್ರಮವೇ ಆಗಿತ್ತು. ಮಾನಹಾನಿಯ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಮಾಹಿತಿಯನ್ನು ಪುಸ್ತಕದಲ್ಲಿ ದಾಖಲಿಸಿ ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕೆಂದು ಕ್ರಿಮಿನಲ್ ಪ್ರಕರಣಗಳ ಕಾರ್ಯವಿಧಾನದ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 174ನೆಯ ಕಲಮು ಹೇಳುತ್ತದೆ. ಆ ಹಿಂಬರಹವನ್ನು ಜೋಪಾನವಾಗಿ ಇಟ್ಟುಕೊಂಡದ್ದು ಮುಂದೆ ಉಪಯೋಗಕ್ಕೆ ಬಂತು. ಅಂತರ್ಜಾಲದಲ್ಲಿ ಕಂಡ ಖಾಸಗಿ ಸಂಸ್ಥೆಯೊಂದು ಮುಂಗಡ ಹಣ ಕೊಟ್ಟರೆ ಒಂದೇ ದಿನದಲ್ಲಿ ಸಂದೇಶವನ್ನು ಎಲ್ಲೆಡೆಯಿಂದ ಅಳಿಸುವುದಾಗಿ ಹೇಳಿತು. ವಾಟ್ಸ್ಆ್ಯಪ್ಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವ ಸಂದೇಶಗಳನ್ನು ಆ ಕಂಪನಿಯೇ ತೆರೆದು ನೋಡಲಾರದು; ಹಾಗಿರುವಾಗ ಹೊರಗಿನ ಸಂಸ್ಥೆಯೊಂದು ಹತ್ತಾರು ಜನರ ಫೋನಿನಿಂದ ಅದನ್ನು ಅಳಿಸುವುದು ಆಗದ ಮಾತು. ಇನ್ನೊಂದು ವಕೀಲರ ಕಚೇರಿಯಲ್ಲಿ ನಮ್ಮ ಮಾತು ಪೂರ್ತಿಯಾಗುವ ಮುನ್ನವೇ ಒಂದು ಕೋಟಿ ರೂಪಾಯಿ ಪರಿಹಾರ ಕೇಳಿ ನೋಟಿಸು ಕಳಿಸೋಣ ಎಂದರು. ಆಗ ನನಗೆ ಆ ಸಲಹೆ ಹಿತವಾಗಿಯೇ ಕೇಳಿಸಿತ್ತು. ಅಕ್ಕ ಒಪ್ಪಲಿಲ್ಲ. ಕೂಲಿ ಮಾಡಿ ಬದುಕುವವಳಿಂದ ಕೋಟಿ ರೂಪಾಯಿ ಕೇಳಿದರೆ ಊರಿನವರು ನಗುತ್ತಾರೆಯೇ ಹೊರತು ನಂಬುವುದಿಲ್ಲ ಎಂದಳು.

ಸಾಮಾಜಿಕ ಜಾಲತಾಣಗಳಿಗೇ ದೂರು ಕೊಡಬಹುದಲ್ಲ ಎಂದು ಹಲವರು ಕೇಳಿದರು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ಹೊಂದಿರಬೇಕು, ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿ ನಿಗದಿತ ಅವಧಿಯಲ್ಲಿ ಇತ್ಯರ್ಥಪಡಿಸಬೇಕು; ತೃಪ್ತಿಯಾಗದಿದ್ದರೆ 2023ರ ಜನವರಿಯಲ್ಲಿ ರಚನೆಯಾದ ಮೇಲ್ಮನವಿ ಸಮಿತಿಗೆ 30 ದಿನಗಳೊಳಗೆ ಹೋಗಬಹುದು. ಆದರೆ 2022ರ ಅಕ್ಟೋಬರಿನ ತಿದ್ದುಪಡಿಯಲ್ಲಿ, ಬಳಕೆದಾರರು ಹಾಕಬಾರದ ವಿಷಯಗಳ ಪಟ್ಟಿಯಿಂದ ಮಾನಹಾನಿಕರ ಎಂಬುದನ್ನು ಕೈಬಿಡಲಾಯಿತು. ಯಾವುದು ಮಾನಹಾನಿ, ಯಾವುದು ಅಲ್ಲ ಎಂಬುದನ್ನು ಖಾಸಗಿ ಕಂಪನಿ ತೀರ್ಮಾನಿಸಬಾರದು, ನ್ಯಾಯಾಲಯ ತೀರ್ಮಾನಿಸಬೇಕು ಎಂಬುದು ಅದರ ಹಿಂದಿನ ವಿಚಾರ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದ್ದೂ ಇದೇ ಜಾಡಿನಲ್ಲಿದೆ: ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ಬಂದಾಗ ಮಾತ್ರ ವಿಷಯವನ್ನು ತೆಗೆಯುವ ಹೊಣೆ ಜಾಲತಾಣದ ಮೇಲೆ ಬೀಳುತ್ತದೆ. ನನಗೆ ಇದು ಒಟ್ಟಾರೆ ಸರಿಯಾದ ನಿಲುವೆಂದೇ ತೋರುತ್ತದೆ. ಆದರೆ ಅದರಿಂದಾಗಿ ಸಾಮಾನ್ಯ ಜನರಿಗೆ ಉಳಿಯುವ ದಾರಿ ಒಂದೇ, ಒಳ್ಳೆಯ ವಕೀಲರನ್ನು ಹುಡುಕಿಕೊಳ್ಳುವುದು.

ಈಗ ಕಚೇರಿಯ ವಿಷಯಕ್ಕೆ ಬರುತ್ತೇನೆ. ಮೊದಲ ಭೇಟಿಯಲ್ಲಿ ವಕೀಲೆ ಅಕ್ಕನ ಕಥೆಯನ್ನು ಕೇಳುವ ಮೊದಲೇ ಧ್ವನಿ ಸಂದೇಶವನ್ನು ಕೇಳಬೇಕೆಂದರು. ನನ್ನ ಫೋನಿಗೆ ಬಂದ ಪ್ರತಿ ಬೇಡವೆಂದು ಹೇಳಿ, ಅಕ್ಕನ ಫೋನಿನಲ್ಲಿ ಮೂಲ ಗುಂಪಿನಲ್ಲೇ ಇದ್ದದ್ದನ್ನು ಹಾಕಿಸಿ, ನಿಲ್ಲಿಸಿ ನಿಲ್ಲಿಸಿ ಕೇಳುತ್ತಾ, ಆಡಿದ ಮಾತನ್ನು ಆಡಿದಂತೆಯೇ, ನಮ್ಮ ಕಡೆಯ ಉಚ್ಚಾರವನ್ನೂ ತಿದ್ದದೆ ಕಾಗದದ ಮೇಲೆ ಬರೆದುಕೊಂಡರು. ಬಳಿಕ ಆ ಬರಹವನ್ನು ಅಕ್ಕನ ಮುಂದಿಟ್ಟು ಒಂದೊಂದು ವಾಕ್ಯವನ್ನೂ ಬೇರೆ ಮಾಡಿದರು. ಅಕ್ಕನಿಗೆ ಸೊಕ್ಕು ಬಂದಿದೆ ಎಂಬುದು ಅಭಿಪ್ರಾಯ, ಅದನ್ನು ಹಾಗೇ ಬಿಡಬೇಕು. ಅವಳಿಗೆ ಲೆಕ್ಕ ಬರೆಯಲು ಬಾರದು ಎಂಬುದು ಟೀಕೆ, ಅದನ್ನೂ ಬಿಡಬೇಕು. ಬೈಗುಳಗಳು ಬೈಗುಳಗಳೇ. ಕೊನೆಗೆ ಅಷ್ಟುದ್ದದ ಸಂದೇಶದಲ್ಲಿ ಅವರು ಗೆರೆ ಎಳೆದದ್ದು ಎರಡೇ ವಾಕ್ಯಗಳಿಗೆ: ಸಂಘದ ದುಡ್ಡಿನಲ್ಲಿ ಮಹಡಿ ಕಟ್ಟಿಸಿದ್ದಾಳೆ ಎಂಬುದು ಒಂದು, ಬ್ಯಾಂಕಿನ ಸಾಲದಲ್ಲಿ ಅರ್ಧ ಅವಳ ಮನೆ ಸೇರಿದೆ ಎಂಬುದು ಇನ್ನೊಂದು. ಇವೆರಡೂ ನಿಜವೋ ಸುಳ್ಳೋ ಎಂದು ದಾಖಲೆಯಿಂದ ತೋರಿಸಬಹುದಾದ ಮಾತುಗಳು. "ಅಮ್ಮಾ, ನಿಮಗೆ ನೋವು ಕೊಟ್ಟ ಮಾತುಗಳು ಬೇರೆ, ಕಾನೂನು ಹಿಡಿಯಬಹುದಾದ ಮಾತುಗಳು ಬೇರೆ. ಎಲ್ಲವನ್ನೂ ಹಿಡಿಯಲು ಹೋದರೆ ಇವೆರಡೂ ಕೈ ಜಾರುತ್ತವೆ" ಎಂದರು. ಈ ಕಚೇರಿಯಲ್ಲಿ ನಾವು ಹಣ ಕೊಟ್ಟು ಪಡೆದ ನಿಜವಾದ ಸೇವೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಳಿದುದೆಲ್ಲವೂ ಈ ಆಯ್ಕೆಯಿಂದಲೇ ಹುಟ್ಟಿತು.

ಆ ಎರಡು ವಾಕ್ಯಗಳನ್ನು ಸುಳ್ಳೆಂದು ತೋರಿಸಲು ಅಕ್ಕ ಬ್ಯಾಂಕ್ ಪಾಸ್‌ಬುಕ್ಕನ್ನೂ ಮನೆ ಕಟ್ಟಲು ಪಡೆದ ಸ್ವಂತ ಸಾಲದ ಕಾಗದಗಳನ್ನೂ ಒಯ್ದಿದ್ದಳು. ವಕೀಲೆ ಅವುಗಳನ್ನು ತೆಗೆದುಕೊಂಡರಾದರೂ ಅವರು ಕೇಳಿದ್ದು ಸಂಘದ ನಡಾವಳಿ ಪುಸ್ತಕವನ್ನು. ನನಗೆ ಅದರ ಕಾರಣ ತಕ್ಷಣ ಹೊಳೆಯಲಿಲ್ಲ. ಮಾತು ಸುಳ್ಳಾಗಿದ್ದರಷ್ಟೇ ಸಾಲದು; ಆಡಿದವರಿಗೆ ಹೆಸರು ಕೆಡಿಸುವ ಉದ್ದೇಶವಿತ್ತು, ಅಥವಾ ಹೆಸರು ಕೆಡುತ್ತದೆಂದು ತಿಳಿದಿತ್ತು, ಅಥವಾ ಹಾಗೆ ನಂಬಲು ಕಾರಣವಿತ್ತು ಎಂಬುದು ಅಪರಾಧದ ಭಾಗ. ಕೇಳಿದ ಸುದ್ದಿಯನ್ನು ಪ್ರಾಮಾಣಿಕವಾಗಿ ನಂಬಿ ಹೇಳಿದೆ ಎಂದು ಎದುರಿನವರು ವಾದಿಸುವುದು ಸಹಜ. ನಡಾವಳಿ ಪುಸ್ತಕದಲ್ಲಿ ಬ್ಯಾಂಕ್ ಸಾಲವನ್ನು ಸದಸ್ಯೆಯರಿಗೆ ಹಂಚಿದ ಸಭೆಯ ವಿವರವಿತ್ತು. ಯಾರಿಗೆ ಎಷ್ಟು ಎಂದು ಬರೆದು ಎಲ್ಲರೂ ಸಹಿ ಮಾಡಿದ್ದರು; ಆ ಸಹಿಗಳಲ್ಲಿ ಧ್ವನಿ ಸಂದೇಶ ಕಳಿಸಿದ ಹೆಂಗಸಿನ ಸಹಿಯೂ ಇತ್ತು. ಖಾತೆಯಿಂದ ಹಣ ತೆಗೆಯಲು ಇಬ್ಬರು ಪ್ರತಿನಿಧಿಗಳ ಸಹಿ ಬೇಕೆಂಬ ನಿರ್ಣಯಕ್ಕೂ ಅವರು ಸಹಿ ಹಾಕಿದ್ದರು. ತಿಳಿದೂ ಸುಳ್ಳು ಹೇಳಿದರು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ನಮ್ಮ ಬಳಿ ಇರಲಿಲ್ಲ, ಮತ್ತು ಅದು ನಮ್ಮ ಮನೆಯ ಬೀರುವಿನಲ್ಲೇ ಇದ್ದರೂ ಅದರ ಬೆಲೆ ನಮಗೆ ತಿಳಿದಿರಲಿಲ್ಲ.

ವಕೀಲೆ ಯಾವುದನ್ನು ಬೇಡವೆಂದರು ಎಂಬುದನ್ನೂ ಹೇಳಲೇಬೇಕು. ಅದೇ ಹೆಂಗಸು ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ ಲಿಖಿತ ದೂರನ್ನೂ ಕೊಟ್ಟಿದ್ದರು, ಅದರಲ್ಲಿಯೂ ಇದೇ ಆರೋಪವಿತ್ತು. ಅದನ್ನು ನೋಟಿಸಿನಲ್ಲಿ ಸೇರಿಸಬೇಕೆಂದು ನಾನು ಪಟ್ಟು ಹಿಡಿದೆ. ವಕೀಲೆ ಒಪ್ಪಲಿಲ್ಲ. ಹೊಸ ದಂಡ ಕಾನೂನಾದ ನ್ಯಾಯ ಸಂಹಿತೆಯಲ್ಲಿ ಮಾನಹಾನಿಗೆ ಸಂಬಂಧಿಸಿದ 356ನೆಯ ಕಲಮಿನಲ್ಲಿ ಹಿಂದಿನ ದಂಡ ಸಂಹಿತೆಯ 499ನೆಯ ಕಲಮಿನ ಹತ್ತು ವಿನಾಯಿತಿಗಳೂ ಉಳಿದಿವೆ. ಅವುಗಳಲ್ಲಿ ಎಂಟನೆಯದು, ವಿಷಯದ ಮೇಲೆ ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಮಾಡಿದ ಆರೋಪವನ್ನು ರಕ್ಷಿಸುತ್ತದೆ. ಸದ್ಭಾವನೆ ಇತ್ತೋ ಇಲ್ಲವೋ ಎಂಬುದು ಚರ್ಚೆಯ ವಿಷಯವಾದರೂ, ಸಂಘದ ಲೆಕ್ಕದ ಬಗ್ಗೆ ಅಧಿಕಾರಿಗೆ ದೂರು ಕೊಡುವ ಹಕ್ಕು ಪ್ರತಿ ಸದಸ್ಯೆಗೂ ಇರಬೇಕು, ನಾಳೆ ನಿಜವಾಗಿಯೇ ಹಣ ದುರುಪಯೋಗವಾದಾಗ ದೂರು ಕೊಡಲು ಯಾರೂ ಹೆದರುವಂತಾಗಬಾರದು ಎಂದು ಅವರು ಹೇಳಿದರು. ಮಾನಹಾನಿ ಕಾನೂನನ್ನು ಹಣವಂತರೂ ಅಧಿಕಾರದಲ್ಲಿರುವವರೂ ಪತ್ರಕರ್ತರ ಮತ್ತು ಪ್ರಶ್ನೆ ಕೇಳುವವರ ಬಾಯಿ ಕಟ್ಟಲು ಬಳಸುವುದನ್ನು ನಾವೆಲ್ಲ ಓದುತ್ತಲೇ ಇರುತ್ತೇವೆ. ಈ ಕಾನೂನನ್ನು ಕ್ರಿಮಿನಲ್ ಅಪರಾಧವಾಗಿ ಉಳಿಸಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿ, 2016ರ ಮೇ 13ರಂದು ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಪ್ರಫುಲ್ಲ ಪಂತ್ ಅವರ ಪೀಠವು, ಒಳ್ಳೆಯ ಹೆಸರು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ ಕಾನೂನನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ಕಾನೂನು ಉಳಿದಿರುವಷ್ಟು ಕಾಲ ಅದು ದೌರ್ಜನ್ಯದ ಸಾಧನವಾಗದಂತೆ ತಡೆಯುವವರಲ್ಲಿ ಮೊದಲಿಗರು, ತಮ್ಮ ಕಕ್ಷಿದಾರರ ಸಿಟ್ಟಿಗೆ ಇಲ್ಲವೆನ್ನಬಲ್ಲ ಇಂಥ ವಕೀಲರು.

ಗುಂಪಿನ ಅಡ್ಮಿನ್‌ಗೂ ನೋಟಿಸು ಕೊಡಬೇಕೆಂಬ ನನ್ನ ಎರಡನೆಯ ಒತ್ತಾಯವೂ ನಿಲ್ಲಲಿಲ್ಲ. ಗುಂಪಿನಲ್ಲಿ ಇನ್ನೊಬ್ಬರು ಹಾಕಿದ ಮಾನಹಾನಿಯ ಮಾತಿಗೆ ಅಡ್ಮಿನ್ ಹೊಣೆಯಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲೇ ಹೇಳಿದೆ; ಬೇರೆ ಬಗೆಯ ಪ್ರಕರಣಗಳಲ್ಲಿ ಬಾಂಬೆ ಮತ್ತು ಕೇರಳ ಹೈಕೋರ್ಟುಗಳೂ ಅಡ್ಮಿನ್‌ಗಳ ಬಗ್ಗೆ ಅದೇ ನಿಲುವು ತಳೆದಿವೆ. ನಮ್ಮ ಗುಂಪಿನ ಅಡ್ಮಿನ್ ಅಂಗನವಾಡಿ ಕಾರ್ಯಕರ್ತೆ, ಪಾಪ, ಆಕೆಗೆ ಆ ಸಂದೇಶವನ್ನು ಅಳಿಸಬಹುದೆಂಬುದೂ ಗೊತ್ತಿರಲಿಲ್ಲ. ಬೇರೆ ಗುಂಪುಗಳಿಗೆ ಮುಂದೆ ಕಳಿಸಿದವರ ವಿಷಯ ಹಾಗಲ್ಲ. ಸುಳ್ಳನ್ನು ಮತ್ತೊಮ್ಮೆ ಪ್ರಕಟಿಸಿದವರೂ ಕಾನೂನಿನ ದೃಷ್ಟಿಯಲ್ಲಿ ಹೊಣೆಗಾರರೇ. ಆದರೂ ಅವರಲ್ಲಿ ಹೆಚ್ಚಿನವರು ಅಕ್ಕನ ಜೊತೆ ದಿನವೂ ಬದುಕಬೇಕಾದವರು. ಅವರನ್ನೆಲ್ಲ ಎದುರಾಳಿಗಳನ್ನಾಗಿ ಮಾಡಿದರೆ ಸಾಕ್ಷಿ ಹೇಳಲು ಯಾರೂ ಉಳಿಯುವುದಿಲ್ಲ ಎಂಬ ವಕೀಲೆಯ ಮಾತು ಅಕ್ಕನಿಗೆ ಸರಿಯೆನಿಸಿತು.

ದಾರಿಗಳ ವಿವರಣೆಯಲ್ಲಿಯೂ ಕಚೇರಿಗೆ ಒಳ್ಳೆಯ ಅಂಕ ಕೊಡುತ್ತೇನೆ. ಸಿವಿಲ್ ದಾವೆ ಹಾಕಿದರೆ ಪರಿಹಾರ ಕೇಳಬಹುದು, ಆದರೆ ಕೇಳಿದ ಮೊತ್ತದ ಮೇಲೆ 1958ರ ಕರ್ನಾಟಕದ ನ್ಯಾಯಾಲಯ ಶುಲ್ಕ ಕಾಯ್ದೆಯ ಪ್ರಕಾರ ಶುಲ್ಕ ಕಟ್ಟಬೇಕು. ಒಂದು ಕೋಟಿಯ ದಾವೆಯೆಂದು ಹೇಳುವವರು ಈ ಶುಲ್ಕದ ಮಾತನ್ನು ಮೊದಲ ದಿನ ಹೇಳುವುದಿಲ್ಲ. ದಾವೆಯ ಕಾಲಮಿತಿ ಆ ಮಾತು ಪ್ರಕಟವಾದ ದಿನದಿಂದ ಒಂದು ವರ್ಷ. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸುವುದು ಇನ್ನೊಂದು ದಾರಿ, ಅದಕ್ಕೆ ಮೂರು ವರ್ಷಗಳ ಕಾಲಮಿತಿಯಿದೆ. ಅಪರಾಧ ಸಾಬೀತಾದರೆ ಎರಡು ವರ್ಷಗಳವರೆಗಿನ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯ ಶಿಕ್ಷೆಯೂ ಸೇರಿದೆ. ತಮ್ಮನಾಗಿ ನಾನೇ ದೂರು ಸಲ್ಲಿಸುತ್ತೇನೆ ಎಂದಾಗ, ನಾಗರಿಕ ಸುರಕ್ಷಾ ಸಂಹಿತೆಯ 222ನೆಯ ಕಲಮಿನಂತೆ ನೊಂದ ವ್ಯಕ್ತಿಯೇ ದೂರು ಕೊಡಬೇಕು, ಅಕ್ಕನೇ ಬಂದು ಪ್ರಮಾಣ ಮಾಡಿ ಹೇಳಿಕೆ ನೀಡಬೇಕು ಎಂದು ತಿಳಿಸಿದರು. ಅದೇ ಸಂಹಿತೆಯ 223ನೆಯ ಕಲಮು ಬಂದ ಮೇಲೆ ಇನ್ನೊಂದು ಹಂತ ಸೇರಿದೆ: ಮ್ಯಾಜಿಸ್ಟ್ರೇಟರು ಪ್ರಕರಣವನ್ನು ಸಂಜ್ಞಾನಕ್ಕೆ ತೆಗೆದುಕೊಳ್ಳುವ, ಅಂದರೆ ಮುಂದುವರಿಸಲು ಅಂಗೀಕರಿಸುವ ಮೊದಲು ಆರೋಪಿಯ ಮಾತನ್ನೂ ಕೇಳಬೇಕು. ಇದರಲ್ಲಿ ಯಾವುದು ಮೊದಲು ಎಂಬ ಗೊಂದಲವಿತ್ತು. ದೂರುದಾರರ ಮತ್ತು ಸಾಕ್ಷಿಗಳ ಹೇಳಿಕೆಯನ್ನು ಪ್ರಮಾಣದ ಮೇಲೆ ಪಡೆದ ನಂತರವೇ ಆರೋಪಿಗೆ ನೋಟಿಸು ಹೋಗಬೇಕೆಂದು ಕರ್ನಾಟಕ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಮಾನಹಾನಿಯ ಪ್ರಕರಣವೊಂದರಲ್ಲೇ ಸ್ಪಷ್ಟಪಡಿಸಿತು. ತೀರ್ಪಿನವರೆಗೂ ಯಾರೂ ಈ ಬಗ್ಗೆ ಮಾತನಾಡದಂತೆ ತಡೆಯಾಜ್ಞೆ ತರಬಹುದೇ ಎಂದು ಕೇಳಿದೆ. ವಿಚಾರಣೆಗೆ ಮೊದಲೇ ಅಂಥ ತಡೆಯಾಜ್ಞೆ ಕೊಡುವಾಗ ಬಹಳ ಎಚ್ಚರ ಬೇಕೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ಮಾಧ್ಯಮ ಸಂಸ್ಥೆಯೊಂದರ ಪ್ರಕರಣದಲ್ಲಿ ಹೇಳಿರುವುದನ್ನು ತಿಳಿಸಿ, ಆ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಸಾಕ್ಷ್ಯದ ವಿಷಯದಲ್ಲಿ ಕಚೇರಿಯ ಕಿರಿಯ ವಕೀಲರು ತೋರಿದ ಶ್ರದ್ಧೆ ನನಗೆ ಹೆಚ್ಚು ಮೆಚ್ಚುಗೆಯಾಯಿತು. ಅಕ್ಕ ಸಿಟ್ಟಿನಲ್ಲಿ ಗುಂಪಿನಿಂದ ಹೊರಬರಲು ಹೊರಟಿದ್ದಳು; ಹೊರಬರಬಾರದು, ಫೋನನ್ನು ಬದಲಿಸಬಾರದು, ಸಂದೇಶವನ್ನು ಮುಂದೆ ಕಳಿಸಬಾರದು ಎಂದು ಅವರು ಮೊದಲೇ ಎಚ್ಚರಿಸಿದರು. ಸ್ಕ್ರೀನ್‌ಶಾಟ್ ತೆಗೆದರೆ ಕೆಲಸ ಮುಗಿಯಿತೆಂದು ನಾವು ತಿಳಿದಿದ್ದೆವು. 2023ರ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕು, ಅದರ ಒಂದು ಭಾಗವನ್ನು ಸಲ್ಲಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತು. ಧ್ವನಿಯಲ್ಲಿ ಒಂದು ಉಸಿರನ್ನು ಕತ್ತರಿಸಿದರೂ ಆ ಗುರುತು ಬದಲಾಗುತ್ತದೆ. ಅಕ್ಕನಿಗೆ ಅರ್ಥವಾಗುವವರೆಗೂ ಬೇಸರಿಸದೆ ಇದನ್ನು ವಿವರಿಸಿದರು. ಸಂದೇಶವನ್ನು ಕೇಳಿ ಉಳಿತಾಯ ಕಟ್ಟುವುದನ್ನು ನಿಲ್ಲಿಸಿದ್ದ ಇಬ್ಬರು ಹೆಂಗಸರ ಹೆಸರನ್ನೂ ಬರೆದುಕೊಂಡರು. ಮೂರನೆಯವರ ಕಿವಿಗೆ ಬಿದ್ದು ಅವರ ಮನಸ್ಸಿನಲ್ಲಿ ಅಕ್ಕನ ಗೌರವ ಇಳಿಯಿತು ಎಂಬುದನ್ನು ಹೇಳಬಲ್ಲವರು ಅವರೇ.

ನೋಟಿಸನ್ನು ಕನ್ನಡದಲ್ಲಿ ಬರೆದರು. ಇದು ಸಣ್ಣ ಸಂಗತಿಯೆಂದು ಯಾರೂ ತಿಳಿಯಬಾರದು. ನಮ್ಮ ಊರುಗಳಲ್ಲಿ ವಕೀಲರ ನೋಟಿಸು ಇಂಗ್ಲಿಷಿನಲ್ಲಿ ಬಂದರೆ ಪಡೆದವರು ಅದನ್ನು ಓದಿಸಲು ಯಾರ ಬಳಿಗೋ ಹೋಗುತ್ತಾರೆ. ಓದಿದವರು ತಮಗೆ ತಿಳಿದಂತೆ ಹೇಳುತ್ತಾರೆ. ಕೊನೆಗೆ ಉಳಿಯುವುದು ಜೈಲು ಎಂಬ ಒಂದು ಭಯ ಅಥವಾ ಏನೂ ಆಗುವುದಿಲ್ಲ ಎಂಬ ಒಂದು ಧೈರ್ಯ. ಈ ನೋಟಿಸಿನಲ್ಲಿ ಆಡಿದ ಎರಡು ವಾಕ್ಯಗಳು ಆಡಿದಂತೆಯೇ ಇದ್ದವು, ಅವು ಏಕೆ ಸುಳ್ಳು ಎಂಬುದಕ್ಕೆ ನಡಾವಳಿಯ ದಿನಾಂಕ ಮತ್ತು ಪುಟ ಇತ್ತು, ಆ ಪುಟದಲ್ಲಿ ಅವರದೇ ಸಹಿ ಇದೆ ಎಂಬ ಮಾತಿತ್ತು. ಕೇಳಿದ್ದು ಮೂರು: ಅದೇ ಗುಂಪುಗಳಲ್ಲಿ ಅದೇ ರೀತಿ ಧ್ವನಿಯಲ್ಲಿ ಆ ಎರಡು ಮಾತುಗಳನ್ನು ಹಿಂತೆಗೆದುಕೊಳ್ಳುವುದು, ಸಂಘದ ಸಭೆಯಲ್ಲಿ ಅದನ್ನು ನಡಾವಳಿಗೆ ಬರೆಸಿ ಸಹಿ ಮಾಡುವುದು, ಮುಂದೆ ಮತ್ತೆ ಹಾಗೆ ಹೇಳದಿರುವುದು. ಹಣ ಕೇಳಿರಲಿಲ್ಲ. ಕೆಟ್ಟ ವಿಶೇಷಣ ಒಂದೂ ಇರಲಿಲ್ಲ. ಸುಳ್ಳು ಹೇಳಿದವರಿಗೆ ಬರೆದ ಕಾಗದ ಇಷ್ಟು ಸೌಮ್ಯವಾಗಿರುವುದು ಮೊದಲು ಓದಿದಾಗ ನನಗೆ ಸಹಿಸಲಾಗಲಿಲ್ಲ. ಈಗ ಯೋಚಿಸಿದರೆ, ಬೆದರಿಕೆಗೆ ಎದುರುತ್ತರ ಕೊಡುವುದು ಸುಲಭ, ಪುಟದ ಸಂಖ್ಯೆಗೆ ಉತ್ತರ ಕೊಡುವುದು ಕಷ್ಟ ಎಂಬುದು ಅರ್ಥವಾಗುತ್ತದೆ.

ಶುಲ್ಕದ ವಿಷಯಕ್ಕೆ ಬಂದರೆ, ಸಮಾಲೋಚನೆ ಮತ್ತು ನೋಟಿಸು ಎರಡಕ್ಕೂ ಸೇರಿ 6,000 ರೂಪಾಯಿ ಪಡೆದರು. ಅಂಚೆಯ ಖರ್ಚು ಬೇರೆ. ಖಾಸಗಿ ದೂರು ಸಲ್ಲಿಸುವ ಪ್ರಸಂಗ ಬಂದರೆ ಎಷ್ಟಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸಿದ್ದರು. ಸಂಘದ ಹೆಂಗಸೊಬ್ಬಳಿಗೆ ಇದು ಕಡಿಮೆ ಮೊತ್ತವಲ್ಲ, ಆದರೆ ಆದ ಕೆಲಸಕ್ಕೆ ಹೆಚ್ಚೂ ಅಲ್ಲ.

ನೋಟಿಸಿಗೆ ಬಂದ ಮೊದಲ ಉತ್ತರ ನಿರಾಕರಣೆಯದಾಗಿತ್ತು: ಧ್ವನಿ ತನ್ನದಲ್ಲ ಎಂದು. ವಕೀಲೆ ಅದಕ್ಕೆ ಬಿಸಿಬಿಸಿ ಮರುತ್ತರ ಬರೆಯದೆ, ನಡಾವಳಿಯ ಪುಟದ ನಕಲನ್ನೂ ಪೊಲೀಸರ ಹಿಂಬರಹದ ನಕಲನ್ನೂ ಲಗತ್ತಿಸಿ, ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಲು ದೂರು ಸಿದ್ಧವಿದೆ ಎಂಬ ಒಂದೇ ಸಾಲಿನ ಪತ್ರ ಕಳಿಸಿದರು. ಬಳಿಕ ಎದುರಿನವರ ಮನೆಯ ಹಿರಿಯರು ಬಂದು ಮಾತನಾಡಿದರು. ಮಾನಹಾನಿಯು ನೊಂದವರು ಒಪ್ಪಿದರೆ ರಾಜಿಯಾಗಬಹುದಾದ ಅಪರಾಧವೆಂಬುದನ್ನು ನಮಗೆ ಮೊದಲೇ ತಿಳಿಸಿದ್ದರಿಂದ, ಮಾತುಕತೆಗೆ ಕೂತರೆ ನಮ್ಮ ಪಕ್ಷ ದುರ್ಬಲವಾಗುತ್ತದೆಂಬ ಅಳುಕು ನಮಗಿರಲಿಲ್ಲ. ಸಂಘದ ಸಭೆಯಲ್ಲಿ, ಅಂಗನವಾಡಿ ಮೇಲ್ವಿಚಾರಕಿಯವರ ಎದುರಿಗೆ, ಆ ಎರಡು ಮಾತುಗಳು ಸುಳ್ಳೆಂದು ಆ ಹೆಂಗಸು ಒಪ್ಪಿ ಸಹಿ ಮಾಡಿದರು, ಗುಂಪುಗಳಿಗೆ ಧ್ವನಿ ಸಂದೇಶವನ್ನೂ ಕಳಿಸಿದರು. ಹಿಂತೆಗೆತದ ವಾಕ್ಯಗಳನ್ನು ವಕೀಲೆಯೇ ಬರೆದುಕೊಟ್ಟಿದ್ದರು. ಯಾರಿಗಾದರೂ ಬೇಸರವಾಗಿದ್ದರೆ ಕ್ಷಮಿಸಿ ಎಂಬಂಥ ಜಾರಿಕೊಳ್ಳುವ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ನಾನು ಹೀಗೆ ಹೇಳಿದ್ದೆ, ಅದು ನಿಜವಲ್ಲ, ಹಣ ಹಂಚಿದ ಸಭೆಯಲ್ಲಿ ನಾನೂ ಇದ್ದೆ ಎಂದು ಇತ್ತು. ಉಳಿತಾಯ ನಿಲ್ಲಿಸಿದ್ದ ಹೆಂಗಸರಲ್ಲಿ ಹೆಚ್ಚಿನವರು ಮತ್ತೆ ಕಟ್ಟತೊಡಗಿದ್ದಾರೆ. ಸುಳ್ಳು ತಲುಪಿದ ಎಲ್ಲ ಗುಂಪುಗಳಿಗೂ ಈ ಸಂದೇಶ ತಲುಪಲಿಲ್ಲ ಎಂಬುದೂ ನಿಜ. ನೆಂಟರಲ್ಲಿ ಕೆಲವರು ಈಗಲೂ ಆ ಮಹಡಿಯ ಖರ್ಚಿನ ಬಗ್ಗೆ ಕೇಳುತ್ತಾರೆ. ಅದನ್ನು ಯಾವ ವಕೀಲರೂ ಸರಿಪಡಿಸಲಾರರು, ಮತ್ತು ಸರಿಪಡಿಸುತ್ತೇವೆಂದು ಈ ಕಚೇರಿ ಎಂದೂ ಹೇಳಿರಲಿಲ್ಲ.

ಇನ್ನು ಕೊರತೆಗಳು. ಕಚೇರಿಗೆ ಫೋನ್ ಮಾಡಿದರೆ ಗುಮಾಸ್ತರು ಎತ್ತುತ್ತಾರೆ, ಮೇಡಂ ಕೋರ್ಟಿನಲ್ಲಿದ್ದಾರೆ ಎನ್ನುತ್ತಾರೆ, ತಿರುಗಿ ಕರೆ ಬರುವುದು ಅಪರೂಪ. ನೋಟಿಸಿಗೆ ಉತ್ತರ ಬಂದದ್ದು ನಮಗೆ ತಿಳಿದದ್ದು ನಾವೇ ಹೋಗಿ ವಿಚಾರಿಸಿದಾಗ. ಹೊರಗೆ ತಿಳಿಯದ ಸಂಕಟವನ್ನು ಹೊತ್ತುಕೊಂಡು ದಿನ ಎಣಿಸುತ್ತಿರುವವರಿಗೆ ಈ ಮೌನ ಬಹಳ ಭಾರವಾಗುತ್ತದೆ. ಶುಲ್ಕಕ್ಕೆ ರಸೀದಿಯನ್ನು ಕೇಳಿ ಪಡೆಯಬೇಕಾಯಿತು. ನಡಾವಳಿ ಪುಸ್ತಕದ ಮೂಲವನ್ನು ಕಚೇರಿಯಲ್ಲೇ ಬಿಟ್ಟುಹೋಗಲು ಗುಮಾಸ್ತರು ಹೇಳಿದ್ದು ನನಗೆ ಸ್ವಲ್ಪವೂ ಸರಿಕಾಣಲಿಲ್ಲ. ಅದು ಸಂಘದ ಸ್ವತ್ತು, ಅಕ್ಕನದಲ್ಲ, ಮತ್ತು ಅದು ಕಳೆದುಹೋಗಿದ್ದರೆ ನಮ್ಮ ಪುರಾವೆಯ ಜೊತೆಗೆ ಅಕ್ಕನ ಮೇಲಿನ ನಂಬಿಕೆಯೂ ಹೋಗುತ್ತಿತ್ತು. ವಕೀಲೆಗೆ ಹೇಳಿದಾಗ ನಕಲನ್ನು ತೆಗೆದುಕೊಂಡು ಮೂಲವನ್ನು ಕೂಡಲೇ ಹಿಂತಿರುಗಿಸಿದರು. ಕಾಯುವವರಿಗೆ ಕೂರಲು ಇರುವ ಜಾಗ ರಸ್ತೆಗೆ ತೆರೆದುಕೊಂಡಿದೆ, ಅಲ್ಲಿ ಕೂತರೆ ಊರಿನವರೆಲ್ಲ ನೋಡುತ್ತಾರೆ. ಮಾನದ ವಿಷಯಕ್ಕೆ ಬಂದ ಹೆಂಗಸರಿಗೆ ಒಳಗಿನ ಕೋಣೆಯಲ್ಲಿ ಕೂರುವ ವ್ಯವಸ್ಥೆ ಮಾಡಬೇಕು.

ಇನ್ನೊಂದು ಕೊರತೆ ಇವುಗಳಿಗಿಂತ ದೊಡ್ಡದು. ಖಾಸಗಿ ದೂರಿನ ಹಾದಿ ಹಿಡಿದರೆ ಅಕ್ಕ ಸಾಕ್ಷಿಕಟ್ಟೆಯಲ್ಲಿ ನಿಂತು ಆ ಕೆಟ್ಟ ಮಾತುಗಳನ್ನು ತನ್ನ ಬಾಯಿಂದಲೇ ಹೇಳಬೇಕಾಗುತ್ತದೆ, ಎದುರು ವಕೀಲರು ಅವಳ ಮನೆಯ ಖರ್ಚು ವೆಚ್ಚಗಳನ್ನೆಲ್ಲ ಕೆದಕಿ ಪಾಟೀ ಸವಾಲು ಮಾಡುತ್ತಾರೆ, ವಾಯಿದೆಗಳು ವರ್ಷಗಟ್ಟಲೆ ಹೋಗಬಹುದು ಎಂಬುದನ್ನು ನಮಗೆ ಹೇಳಿದ್ದು ಕಚೇರಿಯ ಹೊರಗೆ ಸಿಕ್ಕ ಇನ್ನೊಬ್ಬ ಕಕ್ಷಿದಾರರು. ಕಲಮುಗಳನ್ನು ಅಷ್ಟು ಚೆನ್ನಾಗಿ ವಿವರಿಸಿದ ವಕೀಲೆ ಈ ಭಾಗವನ್ನು ಒಂದೆರಡು ಮಾತಿನಲ್ಲಿ ಮುಗಿಸಿದ್ದರು. ಇದು ಮರೆಮಾಚುವಿಕೆ ಎಂದು ನಾನು ಭಾವಿಸುವುದಿಲ್ಲ. ಆದರೆ ಮೊದಲ ದಿನವೇ ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೊಂದವರು ದಾರಿ ಆರಿಸಿಕೊಳ್ಳಬೇಕಾದದ್ದು ಆಗಲೇ.

ಸೇಡು ತೀರಿಸಿಕೊಳ್ಳಬೇಕೆಂದು ಬಂದವರಿಗೆ ಈ ಕಚೇರಿ ಹಿಡಿಸುವುದಿಲ್ಲ. ಅವರು ಬರೆಯುವ ನೋಟಿಸು ಯಾರನ್ನೂ ನಡುಗಿಸುವುದಿಲ್ಲ. ಒಂದು ನಿರ್ದಿಷ್ಟ ಸುಳ್ಳಿನಿಂದ ಕೆಲಸಕ್ಕೆ, ವ್ಯಾಪಾರಕ್ಕೆ, ಸಂಘ ಸಂಸ್ಥೆಯಲ್ಲಿನ ಸ್ಥಾನಕ್ಕೆ ಪೆಟ್ಟು ಬಿದ್ದಿರುವವರಿಗೆ, ಅದು ಸುಳ್ಳೆಂದು ತೋರಿಸುವ ಕಾಗದ ಕೈಯಲ್ಲಿರುವವರಿಗೆ ಇಂಥ ಸೇವೆಯನ್ನು ನಾನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಹೋಗುವಾಗ ಸಂದೇಶ ಮೊದಲು ಬಂದ ಫೋನನ್ನೇ ಒಯ್ಯಿರಿ. ಅದು ಬಂದ ದಿನಾಂಕವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ವಕೀಲರ ಮುಂದಿಡಿರಿ. ಸಿವಿಲ್ ದಾವೆಯ ಒಂದು ವರ್ಷ ಅಂದಿನಿಂದಲೇ ಓಡುತ್ತಿರುತ್ತದೆ, ಮತ್ತು ನೋಟಿಸು, ಉತ್ತರ, ರಾಜಿಯ ಮಾತುಕತೆಗಳು ನಡೆಯುತ್ತಿವೆಯೆಂದು ಅದು ನಿಲ್ಲುವುದಿಲ್ಲ.